ಗೆದ್ದಾಗ ನಮ್ಮವರು, ಸೋತಾಗ ವಲಸಿಗರು

ನಮಸ್ಕಾರ. ರಾಷ್ಟ್ರೀಯತೆಯ ಮಾತು ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವುದು ಧ್ವಜಾರೋಹಣ, ಪಥಸಂಚಲನ, ಗಡಿ ಕಾಯುವ ಸೈನಿಕ. ಇವೆಲ್ಲ ವರ್ಷದಲ್ಲಿ ನಾಲ್ಕಾರು ದಿನಗಳ ಸಂಗತಿ. ಉಳಿದ ದಿನಗಳಲ್ಲಿ ದೇಶವೆಂಬುದು ನಮ್ಮ ಅರಿವಿಗೇ ಬಾರದಂತೆ ನಮ್ಮೊಡನೆ ಇರುತ್ತದೆ. ಬ್ರಿಟನ್ನಿನ ಸಮಾಜ ಮನೋವಿಜ್ಞಾನಿ ಮೈಕೆಲ್ ಬಿಲಿಗ್ 1995ರಲ್ಲಿ ಇದನ್ನೇ ವಿವರಿಸಿದರು: ಜನ ಆವೇಶದಿಂದ ಬೀಸುವ ಧ್ವಜಕ್ಕಿಂತ, ಸರ್ಕಾರಿ ಕಟ್ಟಡದ ಮೇಲೆ ಯಾರೂ ತಲೆಯೆತ್ತಿ ನೋಡದಂತೆ ಹಾರುತ್ತಿರುವ ಧ್ವಜವೇ ರಾಷ್ಟ್ರದ ನೆನಪನ್ನು ದಿನದಿನವೂ ಹಸಿರಾಗಿಡುತ್ತದೆ ಎಂಬುದು ಅವರ ವಾದದ ತಿರುಳು. ಪತ್ರಿಕೆಯಲ್ಲಿ ‘ನಾವು ಗೆದ್ದೆವು’ ಎಂಬ ಶೀರ್ಷಿಕೆ ಬಂದರೆ ಆ ‘ನಾವು’ ಯಾರೆಂದು ಯಾರೂ ಕೇಳುವುದಿಲ್ಲ. ಹವಾಮಾನ ವರದಿಯ ನಕ್ಷೆಯಲ್ಲಂತೂ ಮಳೆಯ ಮೋಡಗಳು ಕೂಡ ಗಡಿರೇಖೆಯವರೆಗೆ ಬಂದು ಶಿಸ್ತಿನಿಂದ ನಿಂತುಬಿಡುತ್ತವೆ.

ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ದೇಶವೆಂಬುದು ಹೀಗೆ ಅರಿವಿಗೆ ಬಾರದಷ್ಟು ಹಗುರಾಗಿರುವುದು ಎಲ್ಲರ ಪಾಲಿಗೂ ಅಲ್ಲ. ‘ನೀವು ಯಾವ ಕಡೆಯವರು?’ ಎಂದು ಕೇಳಿದಾಗ ಹುಟ್ಟಿದ ಊರಿನ ಹೆಸರು ಹೇಳಿ ಮಾತು ಮುಗಿಸುವವರು ಕೆಲವರಾದರೆ, ಅದೇ ಉತ್ತರಕ್ಕೆ ‘ಅದು ಸರಿ, ಮೂಲತಃ ಎಲ್ಲಿಯವರು?’ ಎಂಬ ಎರಡನೆಯ ಪ್ರಶ್ನೆಯನ್ನು ಜೀವನವಿಡೀ ಎದುರಿಸುವವರು ಬೇರೆ ಕೆಲವರು. ಕೇಳುವವರಲ್ಲಿ ಬಹುತೇಕರಿಗೆ ಕೆಟ್ಟ ಉದ್ದೇಶವಿರುವುದಿಲ್ಲ, ಬರಿಯ ಕುತೂಹಲವಿರುತ್ತದೆ. ಆ ಕುತೂಹಲ ಕೆಲವು ಮುಖಗಳನ್ನು ಕಂಡಾಗ ಮಾತ್ರ ಏಕೆ ಹುಟ್ಟುತ್ತದೆ ಎಂಬುದೇ ನನ್ನ ತಕರಾರು.

ಫ್ರೆಂಚ್ ಚಿಂತಕ ಅರ್ನೆಸ್ಟ್ ರೆನಾನ್ 1882ರಲ್ಲಿ ಪ್ಯಾರಿಸ್ಸಿನ ಸಾರ್ಬಾನ್‌ನಲ್ಲಿ ಉಪನ್ಯಾಸ ನೀಡುತ್ತ, ಜನಾಂಗ, ಭಾಷೆ, ಧರ್ಮ, ಭೂಗೋಳ ಇವು ಯಾವುವೂ ತಮ್ಮಷ್ಟಕ್ಕೆ ಒಂದು ರಾಷ್ಟ್ರವನ್ನು ಕಟ್ಟಲಾರವು, ಕೂಡಿ ಬಾಳಬೇಕೆಂಬ ಇಚ್ಛೆಯೇ ಅದನ್ನು ಕಟ್ಟುತ್ತದೆ ಎಂದರು. ರಾಷ್ಟ್ರವೆಂದರೆ ದಿನನಿತ್ಯ ನಡೆಯುವ ಜನಮತಗಣನೆ ಎಂಬ ಅವರ ಮಾತು ಇಂದಿಗೂ ಪ್ರಸಿದ್ಧ. ಉದಾತ್ತವಾದ ಮಾತೇ ಸರಿ. ಆದರೆ ಈ ಜನಮತಗಣನೆಯಲ್ಲಿ ಕೆಲವರು ಎಂದೆಂದಿಗೂ ಮತದಾರರಾಗಿಯೂ ಇನ್ನು ಕೆಲವರು ಎಂದೆಂದಿಗೂ ಅಭ್ಯರ್ಥಿಗಳಾಗಿಯೂ ಉಳಿದುಬಿಡುತ್ತಾರೆ. ಎರಡನೆಯ ಗುಂಪಿನವರು ಕೂಡಿ ಬಾಳಲು ಎಷ್ಟೇ ಇಚ್ಛಿಸಿದರೂ, ಅವರನ್ನು ಸೇರಿಸಿಕೊಳ್ಳುವ ತೀರ್ಮಾನ ಇತರರ ಕೈಯಲ್ಲೇ ಇರುತ್ತದೆ.

ಆಟದ ಮೈದಾನದಲ್ಲಿ ಇದು ಢಾಳಾಗಿ ಕಾಣುತ್ತದೆ. 1990ರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ರಾಜಕಾರಣಿ ನಾರ್ಮನ್ ಟೆಬಿಟ್, ಏಷ್ಯಾ ಮೂಲದ ವಲಸಿಗರು ಕ್ರಿಕೆಟ್‌ನಲ್ಲಿ ಯಾವ ತಂಡಕ್ಕೆ ಜೈಕಾರ ಹಾಕುತ್ತಾರೆ ಎಂಬುದನ್ನು ನಿಷ್ಠೆಯ ಪರೀಕ್ಷೆಯಾಗಿಸಿದರು. ತೆರಿಗೆ ಕಟ್ಟುವುದು, ಆಸ್ಪತ್ರೆಗಳಲ್ಲಿ ದುಡಿಯುವುದು, ಬಸ್ ಓಡಿಸುವುದು ಯಾವುದೂ ಲೆಕ್ಕಕ್ಕೆ ಬಾರದೆ, ಬೌಂಡರಿ ಬಾರಿಸಿದಾಗ ತಟ್ಟುವ ಚಪ್ಪಾಳೆ ಮಾತ್ರ ಲೆಕ್ಕಕ್ಕೆ ಬಂದಿತು! ಚಪ್ಪಾಳೆ ತಟ್ಟಿದವರಿರಲಿ, ದೇಶದ ಅಂಗಿ ತೊಟ್ಟು ಆಡಿದವರಿಗೂ ಈ ಪರೀಕ್ಷೆ ತಪ್ಪಲಿಲ್ಲ. ಟರ್ಕಿ ಮೂಲದ ಕುಟುಂಬದಲ್ಲಿ, ಜರ್ಮನಿಯಲ್ಲೇ ಹುಟ್ಟಿ, 2014ರಲ್ಲಿ ಆ ದೇಶಕ್ಕೆ ಫುಟ್‌ಬಾಲ್ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ ಮೆಸುಟ್ ಓಜಿಲ್, 2018ರ ಜುಲೈನಲ್ಲಿ ರಾಷ್ಟ್ರೀಯ ತಂಡದಿಂದ ಹೊರನಡೆಯುವಾಗ, ಗೆದ್ದಾಗ ತಾನು ಜರ್ಮನ್, ಸೋತಾಗ ವಲಸಿಗ ಎಂದು ಬರೆದರು. ಅದಕ್ಕೂ ಮುನ್ನ ಟರ್ಕಿಯ ಅಧ್ಯಕ್ಷರ ಜೊತೆ ಅವರು ತೆಗೆಸಿಕೊಂಡು ವಿವಾದಕ್ಕೆ ಕಾರಣವಾದ ಫೋಟೋ ಟೀಕೆಗೆ ಅರ್ಹವಾಗಿತ್ತೆಂದೇ ನನ್ನ ಅಭಿಪ್ರಾಯ. ಆದರೆ ರಾಜಕೀಯ ವಿವೇಕವಿಲ್ಲದ ಆಟಗಾರ ಎಂದು ಬೈಯುವುದೇ ಬೇರೆ, ಅದೇ ನೆಪದಲ್ಲಿ ಆತ ಜರ್ಮನ್ನನೇ ಅಲ್ಲ ಎನ್ನುವುದೇ ಬೇರೆ. ಅದೇ ವರ್ಷ ಬೆಲ್ಜಿಯಂನ ರೊಮೆಲು ಲುಕಾಕು ಹೇಳಿದ್ದೂ ಇದನ್ನೇ: ಚೆನ್ನಾಗಿ ಆಡಿದ ದಿನ ಪತ್ರಿಕೆಗಳಿಗೆ ತಾನು ಬೆಲ್ಜಿಯಂ ಆಟಗಾರ, ಆಡದ ದಿನ ಕಾಂಗೋ ಮೂಲದ ಬೆಲ್ಜಿಯಂ ಆಟಗಾರ.

ಒಬ್ಬ ವ್ಯಕ್ತಿ ಒಂದು ದೇಶಕ್ಕೆ ನಿಜವಾಗಿ ಸೇರಿದ್ದಾನೆಯೇ ಎಂಬುದನ್ನು ನಾನು ಆತನ ದೇಶಭಕ್ತಿಯಿಂದ ಅಳೆಯುವುದಿಲ್ಲ. ಆತ ಸೋಲಬಹುದೇ, ಗೊಣಗಬಹುದೇ, ಸರ್ಕಾರವನ್ನು ತರಾಟೆಗೆ ತೆಗೆದುಕೊಂಡ ಮೇಲೂ ‘ಇಷ್ಟವಿಲ್ಲದಿದ್ದರೆ ಹೊರಟು ಹೋಗು’ ಎಂಬ ಮಾತು ಕೇಳದೆ ನೆಮ್ಮದಿಯಾಗಿ ಮನೆಗೆ ಹೋಗಬಹುದೇ ಎಂದು ನೋಡುತ್ತೇನೆ.

ಈ ಅನುಮಾನ ಜನರ ಬಾಯಿಂದ ಕಾನೂನಿನೊಳಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನೂ ಬ್ರಿಟನ್ನೇ ತೋರಿಸಿಕೊಟ್ಟಿದೆ. 1948ರ ಜೂನ್‌ನಲ್ಲಿ ಕೆರಿಬಿಯನ್ ದ್ವೀಪಗಳಿಂದ ಜನರನ್ನು ಹೊತ್ತು ವಿಂಡ್‌ರಷ್ ಎಂಬ ಹಡಗು ಲಂಡನ್ ಬಳಿಯ ಟಿಲ್ಬರಿ ಬಂದರಿಗೆ ಬಂತು. ಅಂದು ಮತ್ತು ಅನಂತರದ ವರ್ಷಗಳಲ್ಲಿ ಹೀಗೆ ವಸಾಹತುಗಳಿಂದ ಬಂದವರು ಕಾನೂನುಬದ್ಧವಾಗಿಯೇ ಬಂದವರು. ಅವರಲ್ಲಿ ಅನೇಕರು ಅಪ್ಪ ಅಮ್ಮನ ಪಾಸ್‌ಪೋರ್ಟಿನ ಮೇಲೆ ಬಂದ ಮಕ್ಕಳು. ಅವರು ಶಾಲೆ ಕಲಿತರು, ದುಡಿದರು, ಮೊಮ್ಮಕ್ಕಳನ್ನು ಕಂಡರು. ವಲಸೆಯ ವಿರುದ್ಧ ಬಿಗಿಯಾದ ಕಾನೂನುಗಳು 2014 ಮತ್ತು 2016ರಲ್ಲಿ ಬಂದು, ಮನೆ ಬಾಡಿಗೆಗೆ ಕೊಡುವ ಮಾಲೀಕರು, ಬ್ಯಾಂಕುಗಳು ಕೂಡ ವಲಸೆಯ ಕಾಗದಪತ್ರ ಪರೀಕ್ಷಿಸಬೇಕಾಯಿತು. ಜೀವಮಾನವೆಲ್ಲ ಅಲ್ಲೇ ಕಳೆದ ವೃದ್ಧರಿಗೆ, ಇಲ್ಲಿದ್ದ ಒಂದೊಂದು ವರ್ಷಕ್ಕೂ ಪುರಾವೆ ಕೊಡಿ ಎಂದರು. ಕೆಲಸ ಹೋಯಿತು, ಮನೆ ಹೋಯಿತು, ಕೆಲವರಿಗೆ ಚಿಕಿತ್ಸೆ ನಿರಾಕರಿಸಲಾಯಿತು, ಕೆಲವರನ್ನು ದೇಶದಿಂದಲೇ ಹೊರಗಟ್ಟಲಾಯಿತು. ಅವರು ಬಂದಿಳಿದ ದಿನಾಂಕವನ್ನು ಹೇಳಬಹುದಾಗಿದ್ದ ಚೀಟಿಗಳು ಸರ್ಕಾರದ ಬಳಿಯೇ ಇದ್ದವು; ಗೃಹ ಇಲಾಖೆ ಅವುಗಳನ್ನು 2010ರಲ್ಲಿ ನಾಶಪಡಿಸಿತ್ತು.

2018ರಲ್ಲಿ ಪ್ರಕರಣ ಬಯಲಾಗಿ ಗೃಹ ಸಚಿವೆ ರಾಜೀನಾಮೆ ಕೊಟ್ಟರು, ಮರುವರ್ಷ ಪರಿಹಾರ ಯೋಜನೆಯೂ ಬಂತು. ಆದರೆ ಪರಿಹಾರ ಪಡೆಯಲು ಮತ್ತೆ ಅದೇ ಜನರೇ ದಾಖಲೆ ಹುಡುಕಬೇಕಾಯಿತು, ಹಣ ಕೈಸೇರುವ ಮೊದಲೇ ಕೆಲವರು ತೀರಿಕೊಂಡರು. ಯಾವುದೇ ದೇಶದಲ್ಲಿ ಪೌರತ್ವವನ್ನು ಪರಿಶೀಲಿಸುವ ಹೊಸ ನಿಯಮ ಚರ್ಚೆಗೆ ಬಂದಾಗ ನಾನು ಮೊದಲು ಹುಡುಕುವುದು ಒಂದೇ ಸಾಲನ್ನು: ದಾಖಲೆ ಸರ್ಕಾರದ ಕೈಯಲ್ಲೇ ಕಳೆದುಹೋಗಿದ್ದರೆ, ಸಾಬೀತುಪಡಿಸುವ ಹೊಣೆ ಯಾರದೆಂದು ಅಲ್ಲಿ ಬರೆದಿದೆಯೇ?