ಹೈಡ್ರೋಪೋನಿಕ್ಸ್: ಮೀಡಿಯಂ ಆರಿಸೋ ಮೊದಲು ಪಂಪ್ ನೋಡಿ

[ದೃಶ್ಯ: ನಾಲ್ಕು ನೆಟ್ ಪಾಟ್‌ಗಳಲ್ಲಿ ಕೋಕೋಪೀಟ್, ಕ್ಲೇ ಬಾಲ್ಸ್, ಪರ್ಲೈಟ್, ರಾಕ್‌ವುಲ್]

ಹೈಡ್ರೋಪೋನಿಕ್ಸ್ ಅಂದ್ರೆ ಮಣ್ಣಿಲ್ಲದೆ ಗಿಡ ಬೆಳೆಸೋದು. ಮಣ್ಣಿನ ಬದಲು ಬೇರಿನ ಸುತ್ತ ತುಂಬೋ ವಸ್ತುವೇ ಮೀಡಿಯಂ. ಈ ನಾಲ್ಕರಲ್ಲಿ ಯಾವುದು ಬೆಸ್ಟ್? ಹಾಗೆ ಕೇಳಿದ್ರೆ ಉತ್ತರ ಸಿಗಲ್ಲ. ಹೀಗೆ ಕೇಳಿ: ನಿಮ್ಮ ಪಂಪ್ ನಿಂತುಹೋದ್ರೆ ಗಿಡ ಎಷ್ಟು ಹೊತ್ತು ತಡ್ಕೊಳ್ಬೇಕು?

ಇಲ್ಲಿ ಪೋಷಕಾಂಶ ಎಲ್ಲಾ ನೀರಲ್ಲೇ ಬರುತ್ತೆ. ಮೀಡಿಯಂ ಮಾಡಬೇಕಾದ್ದು ಗಿಡಕ್ಕೆ ಆಸರೆ, ಬೇರಿಗೆ ತೇವ, ಗಾಳಿ ಕೊಡೋದು. ತೊಡಕು ಏನಂದ್ರೆ, ನೀರು ತುಂಬಿದ ಜಾಗದಲ್ಲಿ ಗಾಳಿ ಇರಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಆಮ್ಲಜನಕವೂ ಕಮ್ಮಿ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ.

[ದೃಶ್ಯ: ಕ್ಲೇ ಬಾಲ್ಸ್ ತೊಳೆಯುವುದು, ಕೆಂಪು ನೀರು]

ಪಂಪ್ ಆಗಾಗ ಓಡ್ತಾನೇ ಇರುತ್ತೆ, ತೊಟ್ಟಿ ತುಂಬಿ ಖಾಲಿಯಾಗೋ ವ್ಯವಸ್ಥೆ ಅಂದ್ರೆ ಕ್ಲೇ ಬಾಲ್ಸ್ ಹಾಕಿ. ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಗುಂಡುಗಳಿವು. ನೀರು ಹಿಡಿಯೋದು ಕಮ್ಮಿ, ಗಾಳಿ ಧಾರಾಳ, ತೊಳೆದು ಮತ್ತೆ ಬಳಸಬಹುದು. ಪಂಪ್ ಕೈಕೊಟ್ರೆ ಮಾತ್ರ ಬೇಗ ಒಣಗುತ್ತೆ. ಇದೇ ತೊಟ್ಟಿಗೆ ಬರೀ ಪರ್ಲೈಟ್, ಅಂದ್ರೆ ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಕಾಳು, ಹಾಕಿದ್ರೆ ಅದು ತೇಲಿಕೊಂಡು ಹೋಗುತ್ತೆ. ಅದರ ಜಾಗ ಮೇಲಿಂದ ಹನಿಹನಿಯಾಗಿ ನೀರು ಬೀಳೋ ಡ್ರಿಪ್ ಬಕೆಟ್. ಒಣ ಪರ್ಲೈಟ್ ಸುರಿಯೋವಾಗ ಮಾಸ್ಕ್ ಹಾಕ್ಕೊಳ್ಳಿ, ಧೂಳು ಜಾಸ್ತಿ.

ದಿನಕ್ಕೆ ಕೆಲವೇ ಸಲ ನೀರು ಕೊಡೋರಿಗೆ ಕೋಕೋಪೀಟ್, ಅಂದ್ರೆ ತೇವ ಹಿಡಿದಿಡೋ ತೆಂಗಿನ ಸಿಪ್ಪೆಯ ಪುಡಿ, ನಿರಾಳ. ಆದರೆ ಇದು ಕಂಡಷ್ಟು ಸಾಧು ಅಲ್ಲ. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಮೊದಲೇ ಅಂಟಿಕೊಂಡಿರುತ್ತೆ. ನೀವು ಪೋಷಕ ದ್ರಾವಣ ಹಾಕಿದಾಗ ಕೋಕೋಪೀಟ್ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು, ತನ್ನ ಸೋಡಿಯಂ, ಪೊಟ್ಯಾಸಿಯಂ ಬಿಡುತ್ತೆ. ಎಳೆ ಎಲೆ ಮುರುಟುತ್ತೆ, ಬೈಗುಳ ಗೊಬ್ಬರಕ್ಕೆ ಬೀಳುತ್ತೆ! ಅದಕ್ಕೇ ಮೊದಲು ಇಸಿ, ಅಂದ್ರೆ ನೀರಲ್ಲಿ ಕರಗಿರೋ ಲವಣದ ಮಟ್ಟ ತೋರಿಸೋ ಅಳತೆ, ಇಳಿಯೋವರೆಗೂ ತೊಳೀರಿ. ಆಮೇಲೆ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಸಿದು, ಇನ್ನೊಂದು ಸಲ ತೊಳೀರಿ. ‘ಬಫರ್ಡ್’ ಅಂತ ಬರೆದಿರೋ ಚೀಲ ತಂದ್ರೆ ಈ ಕೆಲಸ ಉಳಿಯುತ್ತೆ, ಆದ್ರೂ ಒಂದು ಸಲ ಇಸಿ ನೋಡಿಬಿಡಿ.

[ದೃಶ್ಯ: ನೆನೆದ ಸ್ಪಾಂಜು, ಮೊದಲು ಅಡ್ಡಲಾಗಿ, ಆಮೇಲೆ ನೆಟ್ಟಗೆ]

ಈ ಸ್ಪಾಂಜು ನೋಡಿ. ಅಡ್ಡ ಹಿಡಿದಾಗ ಸೋರೋದು ನಿಂತಿತ್ತು. ನೆಟ್ಟಗೆ ಹಿಡಿದ ಕೂಡಲೇ ಮತ್ತೆ ಸೋರ್ತಿದೆ. ಕುಂಡದಲ್ಲೂ ಇದೇ ಕಥೆ. ತಳದಲ್ಲಿ ಯಾವಾಗಲೂ ಒಂದು ಪದರ ನೀರು ಉಳಿಯುತ್ತೆ, ಅದರ ದಪ್ಪ ಕುಂಡದ ಎತ್ತರದ ಮೇಲೆ ನಿಂತಿಲ್ಲ. ಹಾಗಾಗಿ ಆಳ ಇಲ್ಲದ ಟ್ರೇಯಲ್ಲಿ ಅದೇ ಕೋಕೋಪೀಟ್ ಕೆಸರಾಗುತ್ತೆ, ಎತ್ತರದ ಬಕೆಟ್‌ನಲ್ಲಿ ಹದವಾಗಿರುತ್ತೆ. ಟ್ರೇಗೆ ಹಾಕೋದಾದ್ರೆ ಪರ್ಲೈಟ್ ಬೆರೆಸಿ.

ಪೈಪಿನೊಳಗೆ ತೆಳುವಾಗಿ ನೀರು ಹರಿಯೋ ಎನ್‌ಎಫ್‌ಟಿಗೆ ಉದುರೋ ಯಾವುದೂ ಬೇಡ, ಪಂಪ್ ಕಟ್ಟಿಕೊಳ್ಳುತ್ತೆ. ಸಸಿ ಎಬ್ಬಿಸೋಕೆ ರಾಕ್‌ವುಲ್ ಕ್ಯೂಬ್ ಸಾಕು. ಕರಗಿದ ಕಲ್ಲಿನಿಂದ ಎಳೆದ ನಾರು ಅದು. ಹೊಸದರ ಪಿಎಚ್ ಜಾಸ್ತಿ ಇರುತ್ತೆ, ಅದಕ್ಕೆ ಪಿಎಚ್ 5.5ರ ನೀರಲ್ಲಿ ನೆನೆಸಿ ಬಳಸಿ. ಕೈಗೆ ಗ್ಲೌಸ್ ಇರಲಿ, ನಾರು ಚುಚ್ಚುತ್ತೆ. ಮಣ್ಣಲ್ಲಿ ಕೊಳೆಯಲ್ಲ ಅನ್ನೋದೇ ನನಗೆ ಇದರ ಮೇಲಿರೋ ತಕರಾರು.

ಜಲ್ಲಿ ಬಳಸಬಹುದಾ? ಬಳಸಬಹುದು, ಭಾರ ಹೊರೋಕೆ ತಯಾರಿದ್ರೆ. ಮೊದಲು ನಾಲ್ಕು ಕಲ್ಲಿನ ಮೇಲೆ ವಿನೆಗರ್ ಹಾಕಿ. ನೊರೆ ಬಂದ್ರೆ ಸುಣ್ಣದ ಅಂಶ ಇದೆ, ಪಿಎಚ್ ಏರಿಸ್ತಾನೇ ಇರುತ್ತೆ. ಆ ಜಲ್ಲಿ ಬೇಡ.