ಸುಟ್ಟುಹೋದ ಡೈನೋಸಾರ್, ಉಳಿದ ಅಚ್ಚು

[ಕಪ್ಪು ತೆರೆ. ಉರಿಯುವ ಕಟ್ಟಿಗೆಯ ಚಟಪಟ ಸದ್ದು.]

1917ರ ಡಿಸೆಂಬರ್. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನ ವಿಲಿಸ್ಟನ್ ಹಾಲ್ ಹೊತ್ತಿ ಉರಿಯಿತು. ಅಲ್ಲಿದ್ದ ಖನಿಜ, ಪಳೆಯುಳಿಕೆ, ಕಲ್ಲಿನ ಮೇಲಿನ ಹೆಜ್ಜೆಗುರುತುಗಳೆಲ್ಲ ಹೆಚ್ಚುಕಡಿಮೆ ನಾಶವಾದವು. ಅವುಗಳ ನಡುವೆ, ಜಗತ್ತಿನಲ್ಲಿ ಒಂದೇ ಒಂದಿದ್ದ ಅಸ್ಥಿಪಂಜರವೂ ಇತ್ತು.

[ಬಂಡೆಯ ರೇಖಾಚಿತ್ರ]

ಅದನ್ನು ಹುಡುಕಿದವರು ಅದೇ ಕಾಲೇಜಿನ ಭೂವಿಜ್ಞಾನದ ಪ್ರಾಧ್ಯಾಪಕಿ ಮಿನ್ಯಾನ್ ಟಾಲ್ಬಟ್. 1910ರಲ್ಲಿ ಅಕ್ಕನ ಜೊತೆ ನಡೆದುಹೋಗುತ್ತಿದ್ದಾಗ ಒಂದು ಮರಳುಗಲ್ಲಿನ ಬಂಡೆಯಲ್ಲಿ ಮೂಳೆಗಳು ಕಂಡವು. ತಲೆಬುರುಡೆ ಇರಲಿಲ್ಲ. ಸುಮಾರು ಒಂದು ಮೀಟರ್ ಉದ್ದದ, ಸಣಕಲು ಮೈಯ ಡೈನೋಸಾರ್. ಮರುವರ್ಷ ಅವರೇ ಅದಕ್ಕೆ ಪೊಡೊಕೆಸಾರಸ್ ಹೋಲಿಯೋಕೆನ್ಸಿಸ್ ಎಂದು ಹೆಸರಿಟ್ಟರು. ಪೊಡೊಕೆಸಾರಸ್ ಅಂದರೆ ಚುರುಕು ಕಾಲಿನ ಹಲ್ಲಿ. ಹೆಣ್ಣುಮಗಳೊಬ್ಬಳು ಡೈನೋಸಾರ್ ಕಂಡುಹಿಡಿದು ತಾನೇ ಹೆಸರಿಟ್ಟಿದ್ದು ಅದೇ ಮೊದಲು.

ಏಳೇ ವರ್ಷಕ್ಕೆ ಅದು ಇಲ್ಲವಾಯಿತು. ಎಲ್ಲವನ್ನೂ ಮತ್ತೆ ಕೂಡಿಸುವ ಹೊಣೆ ಟಾಲ್ಬಟ್ ಅವರ ಹೆಗಲಿಗೇ ಬಂತು.

[ಕ್ಯಾಮೆರಾ ನಿರೂಪಕರ ಮೇಲೆ]

ಕಾಲೇಜಿನ ಸಂಗ್ರಹವನ್ನು ಮತ್ತೆ ಕಟ್ಟೋದು ಹೇಗೆ? ಸ್ಫಟಿಕ, ಅಭ್ರಕ ಇಂಥವನ್ನು ಕೊಳ್ಳಬಹುದು, ಬೇರೆ ಕಾಲೇಜಿನವರ ಹತ್ತಿರ ಕೊಟ್ಟು ತಗೊಳ್ಳಬಹುದು. ಹೆಜ್ಜೆಗುರುತುಗಳಿಗೂ ಕಾಲೇಜಿರುವ ಆ ಕನೆಕ್ಟಿಕಟ್ ನದಿ ಕಣಿವೆಯಲ್ಲಿ ಬರವಿಲ್ಲ, ಸುತ್ತಿಗೆ ಹಿಡಿದು ಹೊರಟರೆ ಸಿಗುತ್ತವೆ.

ನನಗೆ ನಿಜಕ್ಕೂ ಸಂಕಟವಾಗೋದು ಚೀಟಿಗಳನ್ನು ನೆನೆದಾಗ. ಯಾವ ಊರು, ಯಾವ ಪದರ, ಯಾವ ದಿನ, ತಂದವರು ಯಾರು ಅನ್ನೋ ಬರಹ ಕಳೆದುಹೋದರೆ, ಬೆಂಕಿಯಲ್ಲಿ ಉಳಿದ ಕಲ್ಲೂ ಪಾಠಕ್ಕೆ ಅರ್ಧ ಸತ್ತ ಹಾಗೆ. ನಿಮ್ಮ ಕಾಲೇಜಿನ ಲ್ಯಾಬಿನ ಸ್ಟಾಕ್ ರಿಜಿಸ್ಟರ್ ಎಲ್ಲಿದೆ? ಜಾಡಿಗಳಿರೋ ಅದೇ ಬೀರುವಿನಲ್ಲಾ? ಹಾಗಿದ್ದರೆ ದಯವಿಟ್ಟು ನಾಳೆಯೇ ಪುಟಪುಟದ ಫೋಟೋ ತೆಗೆದು ಬೇರೆ ಕಡೆ ಇಡಿ.

[ಪ್ಲಾಸ್ಟರ್ ಅಚ್ಚಿನ ಚಿತ್ರ]

ಪೊಡೊಕೆಸಾರಸ್ ಪೂರ್ತಿ ಅಳಿಯಲಿಲ್ಲ. ಬೆಂಕಿಗೆ ಮುಂಚೆಯೇ ಅದರ ಪ್ಲಾಸ್ಟರ್ ಅಚ್ಚು ತೆಗೆಸಿದ್ದರು. ಯೇಲ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಒಂದು, ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂನಲ್ಲಿ ಒಂದು ಉಳಿದಿವೆ. ಇವತ್ತಿಗೂ ವಿಜ್ಞಾನಿಗಳು ಅಳತೆ ಹಿಡಿಯೋದು ಆ ಅಚ್ಚುಗಳಿಗೇ.

ಆದರೆ ಅಚ್ಚು ಮೂಳೆಯ ಹೊರಮೈಯನ್ನಷ್ಟೇ ತೋರಿಸುತ್ತೆ. ಮೂಳೆಯನ್ನು ತೆಳ್ಳಗೆ ಕೊಯ್ದು ಬೆಳವಣಿಗೆಯ ಉಂಗುರಗಳನ್ನು ನೋಡಿದರೆ ಪ್ರಾಣಿಯ ವಯಸ್ಸು ಅಂದಾಜಾಗುತ್ತೆ. ಪ್ಲಾಸ್ಟರನ್ನು ಎಷ್ಟು ಕೊಯ್ದರೂ ಪ್ಲಾಸ್ಟರೇ. 1964ರಲ್ಲಿ ಎಡ್ವಿನ್ ಕೋಲ್ಬರ್ಟ್ ಎಂಬ ತಜ್ಞರು, ಇದು ಬೇರೆ ಕುಲವೇ ಅಲ್ಲ, ಸೀಲೋಫೈಸಿಸ್ ಎಂಬ ಇನ್ನೊಂದು ಡೈನೋಸಾರ್ ಕುಲಕ್ಕೇ ಸೇರಿದ್ದು ಅಂದರು. ಆಮೇಲಿನವರು ಒಪ್ಪಲಿಲ್ಲ. ಒಂದು ತುಂಡು ಮೂಳೆ ಉಳಿದಿದ್ದರೂ ಈ ವಾದಕ್ಕೆ ಹೊಸ ಪುರಾವೆ ಸಿಗುತ್ತಿತ್ತೇನೋ.

[ಕಾಲೇಜಿನ ಹಳೆಯ ಚಿತ್ರ]

1924ರಲ್ಲಿ ಕಾಲೇಜಿನಲ್ಲಿ ಹೊಸ ವಿಜ್ಞಾನ ಕಟ್ಟಡ ಎದ್ದಿತು. ಅಲ್ಲಿ ಬಹುಕಾಲ ಪ್ರಾಣಿಶಾಸ್ತ್ರ ಕಲಿಸಿದ ಕಾರ್ನೀಲಿಯಾ ಕ್ಲಾಪ್ ಅವರ ಹೆಸರನ್ನೇ ಅದಕ್ಕಿಟ್ಟರು. ಟಾಲ್ಬಟ್ 1935ರವರೆಗೂ ಕಾಲೇಜಿನಲ್ಲೇ ಪಾಠ ಮಾಡಿದರು.

2022ರಲ್ಲಿ ಮ್ಯಾಸಚೂಸೆಟ್ಸ್, ಪೊಡೊಕೆಸಾರಸ್ ಅನ್ನು ತನ್ನ ರಾಜ್ಯದ ಡೈನೋಸಾರ್ ಎಂದು ಘೋಷಿಸಿತು. ಟಾಲ್ಬಟ್ ಕೈಯಾರೆ ಮುಟ್ಟಿದ ಆ ಮೂಳೆಗಳನ್ನು ನೋಡೋ ಭಾಗ್ಯ ಮಾತ್ರ ಆ ರಾಜ್ಯದ ಮಕ್ಕಳಿಗಿಲ್ಲ. ಇರೋದು ಅಚ್ಚು, ಮತ್ತು 1911ರಲ್ಲಿ ಅವರು ಬರೆದಿಟ್ಟ ವಿವರಣೆ.