ಬಾಮ್ ಜೀಸಸ್ ಚರ್ಚ್ ಮೊದಲಿಂದಲೂ ಕೆಂಪಗಿತ್ತಾ?

ನಮಸ್ಕಾರ. ಓಲ್ಡ್ ಗೋವಾದಲ್ಲಿ ಬಸ್ ಇಳಿದ ಕೂಡಲೇ ರಸ್ತೆಯ ಎರಡೂ ಬದಿ ನೋಡಿ. ಒಂದು ಕಡೆ ಸೆ ಕೆಥೆಡ್ರಲ್, ಸುಣ್ಣ ಬಳಿದುಕೊಂಡು ಬೆಳ್ಳಗೆ ನಿಂತಿದೆ. ಇನ್ನೊಂದು ಕಡೆ ಬಾಮ್ ಜೀಸಸ್ ಬೆಸಿಲಿಕಾ, ಈಗ ತಾನೇ ಗೂಡಿನಿಂದ ತೆಗೆದ ಇಟ್ಟಿಗೆಯ ಹಾಗೆ ಕೆಂಪು. ಎಲ್ಲರೂ ಸೆಲ್ಫಿ ತೆಗೆದುಕೊಂಡು '400 ವರ್ಷದ ಕೆಂಪು ಚರ್ಚ್' ಅಂತ ಸ್ಟೇಟಸ್ ಹಾಕುತ್ತಾರೆ. ಚರ್ಚ್ 400 ವರ್ಷದ್ದು, ಸರಿ. ಆದರೆ ಆ ಕೆಂಪು ನಮ್ಮ ಅಜ್ಜಂದಿರ ಕಾಲದ್ದು!

(ದೃಶ್ಯ: ಚರ್ಚ್‌ನ ಮುಂಭಾಗ, ಕೆಳಗಿನಿಂದ ಮೇಲಕ್ಕೆ)

ಈ ಊರು ಮೊದಲು ನಮ್ಮ ಬಿಜಾಪುರದ ಆದಿಲ್ ಶಾಹಿಗಳ ಕೈಯಲ್ಲಿತ್ತು. ಅವರ ಅರಮನೆಯ ಬಾಗಿಲಿನ ಚೌಕಟ್ಟು ಇಲ್ಲೇ ಹತ್ತಿರದಲ್ಲಿ ಈಗಲೂ ಒಂಟಿಯಾಗಿ ನಿಂತಿದೆ. 1510ರಲ್ಲಿ ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ ಊರನ್ನು ಗೆದ್ದ. ಆಮೇಲೆ ಬಂದ ಜೆಸುಯಿಟ್ ಪಾದ್ರಿಗಳು 1594ರಲ್ಲಿ ಈ ಚರ್ಚ್ ಶುರು ಮಾಡಿ, 1605ರಲ್ಲಿ ಮುಗಿಸಿದರು. ದುಡ್ಡು ಬಹುಪಾಲು ಕೊಚ್ಚಿಯ ಕ್ಯಾಪ್ಟನ್ ಆಗಿದ್ದ ಜೆರೋನಿಮೊ ಮಸ್ಕರೇನಸ್ ಎಂಬಾತನ ಆಸ್ತಿಯದ್ದು.

ಈಗ ಗೋಡೆಗೆ ಬರೋಣ. ಇದು ಇಟ್ಟಿಗೆ ಅಲ್ಲ. ಮಲೆನಾಡಿನವರ ಜಂಬಿಟ್ಟಿಗೆ, ಮಂಗಳೂರಿನವರ ಮುರಕಲ್ಲು, ಅದೇ ಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಆದರೆ ಮೈತುಂಬಾ ತೂತು. ಅದರಲ್ಲಿ ನಯವಾದ ಕೆತ್ತನೆ ಸಾಧ್ಯವಿಲ್ಲ, ಅದಕ್ಕೇ ಮುಂಭಾಗದ ಕಂಬ, ಕಿಟಕಿಯ ಅಂಚು, ಮೇಲೆ ಕಾಣುವ ಯೇಸುವಿನ ಹೆಸರಿನ ಐಎಚ್‌ಎಸ್ ಅಕ್ಷರಗಳು, ಇಂಥ ಕಡೆಗೆಲ್ಲ ಮುಂಬೈ ಹತ್ತಿರದ ವಸಾಯಿಯಿಂದ ಕಪ್ಪು ಕಲ್ಲು ತರಿಸಿದರು. ಕಂಬಗಳನ್ನು ಸ್ವಲ್ಪ ಗಮನಿಸಿ, ಪ್ರತಿ ಅಂತಸ್ತಿಗೂ ಬೇರೆ ಬೇರೆ ನಮೂನೆ: ಡೋರಿಕ್, ಅಯಾನಿಕ್, ಕೊರಿಂಥಿಯನ್. ಯುರೋಪಿನ ಪಠ್ಯಪುಸ್ತಕವನ್ನೇ ಗೋಡೆಗೆ ಅಂಟಿಸಿದ ಹಾಗೆ.

ಒಳಗೆ ಹೋದರೆ ಚಿನ್ನದ ಬಣ್ಣದ ದೊಡ್ಡ ಅಲ್ತಾರು ಇದೆ, ಆದರೆ ಹೆಚ್ಚಿನವರು ಸೀದಾ ಬಲಗಡೆ ಹೋಗುತ್ತಾರೆ. ಅಲ್ಲಿ ಬೆಳ್ಳಿಯ ಪೆಟ್ಟಿಗೆಯೊಳಗೆ ಜೆಸುಯಿಟ್ ಪಾದ್ರಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹ ಇದೆ. ಕೊಂಕಣಿಯಲ್ಲಿ ಪ್ರೀತಿಯಿಂದ 'ಗೋಂಯ್ಚೊ ಸಾಯ್ಬ್', ಅಂದರೆ ಗೋವಾದ ಒಡೆಯ. 1552ರಲ್ಲಿ ಚೀನಾದ ಕರಾವಳಿಯ ಒಂದು ದ್ವೀಪದಲ್ಲಿ ತೀರಿಕೊಂಡರು, ದೇಹ ಮಲಾಕ್ಕಾ ಸುತ್ತಿಕೊಂಡು 1554ರಲ್ಲಿ ಗೋವಾಕ್ಕೆ ಬಂತು. ಬೆಳ್ಳಿಯ ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೆಲಸ. ಕೆಳಗಿನ ಅಮೃತಶಿಲೆಯ ಪೀಠ ಮಾತ್ರ ಇಟಲಿಯ ಫ್ಲಾರೆನ್ಸಿನದು. ಫೊಗ್ಗಿನಿ ಎಂಬ ಶಿಲ್ಪಿ ಹತ್ತು ವರ್ಷ ಹಿಡಿದು ಮಾಡಿದ್ದು, 1698ರಲ್ಲಿ ಇಲ್ಲಿ ಜೋಡಿಸಿದರು. ಪೀಠ ಅಲ್ಲಿಯದು, ಪೆಟ್ಟಿಗೆ ಇಲ್ಲಿಯದು. ನನಗಂತೂ ಪೆಟ್ಟಿಗೆಯೇ ಜಾಸ್ತಿ ಇಷ್ಟ.

(ದೃಶ್ಯ: ಹೊರಗೋಡೆಯ ಕಲ್ಲು, ತೀರಾ ಹತ್ತಿರದಿಂದ)

ಸರಿ, ಕೆಂಪಿನ ವಿಷಯ. ಕಟ್ಟಿದವರಿಗೆ ಈ ಕಲ್ಲಿನ ಗುಣ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹೊರಗೆ ಪೂರ್ತಿ ಸುಣ್ಣದ ಗಾರೆ ಹಾಕಿದ್ದರು. ಮಳೆ ಹೊಡೆದರೆ ಗಾರೆ ಸವೆಯಬೇಕು, ಕಲ್ಲು ಉಳಿಯಬೇಕು, ಗಾರೆಯನ್ನು ಆಗಾಗ ಹೊಸದಾಗಿ ಹಾಕಿದರಾಯಿತು. ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ವಾ, ಅದೇ ಲೆಕ್ಕ. 1950ರ ಆಸುಪಾಸಿನಲ್ಲಿ, ಇನ್ನೂ ಪೋರ್ಚುಗೀಸರ ಆಡಳಿತ ಇದ್ದಾಗ, ಬಾಲ್ತಜಾರ್ ಕಾಸ್ತ್ರೊ ಎಂಬ ವಾಸ್ತುಶಿಲ್ಪಿ ಪೋರ್ಚುಗಲ್‌ನಿಂದ ಬಂದ. ಸ್ಮಾರಕ ಅಂದರೆ ಹಳೆಯದಾಗಿ ಕಾಣಬೇಕು, ಕಲ್ಲು ತೋರಬೇಕು ಎನ್ನುವುದು ಆ ಕಾಲದ ಫ್ಯಾಷನ್. ಗಾರೆ ಕೆತ್ತಿಸಿಬಿಟ್ಟ!

ಅಂದಿನಿಂದ ಗೋವಾದ ಮಳೆ ನೇರವಾಗಿ ಕಲ್ಲಿಗೇ ಬೀಳುತ್ತಿದೆ. ತೂತುಗಳಲ್ಲಿ ನೀರು ಇಳಿಯುತ್ತದೆ, ಪಾಚಿ ಹಿಡಿಯುತ್ತದೆ, ಅಂಚು ಉದುರುತ್ತದೆ. 2020ರಲ್ಲಿ ಚರ್ಚ್‌ನ ಪಾದ್ರಿಯೇ ಬಹಿರಂಗವಾಗಿ ಕಳವಳ ಹೇಳಿಕೊಂಡರು. ಮತ್ತೆ ಗಾರೆ ಹಾಕಿ ಅನ್ನುವವರು ಒಂದು ಕಡೆ. ಕೆಂಪು ರೂಪವೇ ಈಗ ಜಗತ್ತಿಗೆ ಪರಿಚಯ, ಅದನ್ನು ಮುಚ್ಚಬೇಡಿ ಅನ್ನುವವರು ಇನ್ನೊಂದು ಕಡೆ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗಲೂ ಅದು ಕೆಂಪಗೇ ಇತ್ತಲ್ಲ.

ನನ್ನನ್ನು ಕೇಳಿದರೆ ಗಾರೆ ಹಾಕಲಿ. ಫೋಟೋ ಸ್ವಲ್ಪ ಸಪ್ಪೆಯಾದೀತು, ಆಗಲಿ ಬಿಡಿ. ಇಲ್ಲಿಂದ ಸ್ವಲ್ಪ ಗುಡ್ಡ ಹತ್ತಿದರೆ ಸಂತ ಅಗಸ್ಟಿನ್ ಚರ್ಚ್‌ನ ಗೋಪುರ ಸಿಗುತ್ತದೆ, ಅದೂ ಇದೇ ಕಲ್ಲಿನದು. 1835ರಲ್ಲಿ ಪಾದ್ರಿಗಳು ಬಿಟ್ಟುಹೋದರು, 1842ರಲ್ಲಿ ಚಾವಣಿ ಕುಸಿಯಿತು. ಈಗ ಅರ್ಧ ಗೋಪುರ ಮಾತ್ರ ಇದೆ. ಬಾಮ್ ಜೀಸಸ್ ನೋಡಿದ ಮೇಲೆ ಅಲ್ಲಿಗೂ ಹೋಗಿ ಬನ್ನಿ, ಹತ್ತೇ ನಿಮಿಷದ ನಡಿಗೆ.